ಪ್ಲವಕದ ಪೊಲೋನಿಯಂ ಕೊನೆಗೂ ಸಿಕ್ಕಿದ ಬಗೆ

ಮಲ್ಪೆಯಿಂದ ಕಾರವಾರದವರೆಗಿನ ಸಮುದ್ರದ ನೀರು, ಪ್ಲವಕ (ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು) ಮತ್ತು ಬೂತಾಯಿ ಮೀನಿನಲ್ಲಿ ಪೊಲೋನಿಯಂ-210 ಎಂಬ ವಿಕಿರಣಶೀಲ ಧಾತುವನ್ನು ಅಳೆಯಲು ನಾನು ಹೊರಟಾಗ, ಮಾದರಿಯನ್ನು ಮುಚ್ಚಿದ ಪಾತ್ರೆಯಲ್ಲಿ ಆಮ್ಲದಲ್ಲಿ ಕರಗಿಸುವ ಮೈಕ್ರೋವೇವ್ ಡೈಜೆಸ್ಟರ್ ಇಲ್ಲದೆ ಇದು ಆಗದ ಕೆಲಸವೆಂದು ಹಿರಿಯ ಸಹೋದ್ಯೋಗಿಗಳು ತೀರ್ಪು ಕೊಟ್ಟಿದ್ದರು. ಮೊದಲ ವರ್ಷ ಅವರ ಮಾತೇ ನಿಜವಾಯಿತು.

ತಪ್ಪು ನನ್ನದೇ. ಪ್ಲವಕವನ್ನು ಕುಲುಮೆಯಲ್ಲಿ 450 ಡಿಗ್ರಿಗೆ ಬೂದಿ ಮಾಡಿ, ಆಮೇಲೆ ಪೊಲೋನಿಯಂ-209 ಟ್ರೇಸರ್ (ದಾರಿಯಲ್ಲಿ ಎಷ್ಟು ನಷ್ಟವಾಯಿತೆಂದು ತಿಳಿಯಲು ಅಳೆದು ಬೆರೆಸುವ ಗುರುತು) ಹಾಕುತ್ತಿದ್ದೆ. ಟ್ರೇಸರ್ ಶೇಕಡಾ 90ರಷ್ಟು ಮರಳಿ ಸಿಗುತ್ತಿದ್ದುದರಿಂದ ಎಲ್ಲವೂ ಸರಿಯಿದೆಯೆಂದು ನಂಬಿದ್ದೆ. ಆದರೆ ಒಣ ಪ್ಲವಕದಲ್ಲಿ ಕಿಲೋಗೆ ಇಪ್ಪತ್ತು ಬೆಕರೆಲ್ (ಸೆಕೆಂಡಿಗೆ ಒಂದು ಪರಮಾಣು ಕ್ಷಯಿಸಿದರೆ ಒಂದು ಬೆಕರೆಲ್) ದಾಟುತ್ತಿರಲಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಆವಿಯಾಗಿ ಹೋದ ಪೊಲೋನಿಯಂನ ಲೆಕ್ಕ ಆ ಟ್ರೇಸರ್‌ಗೆ ಹೇಗೆ ಗೊತ್ತಾಗಬೇಕು? ಕುಲುಮೆಯನ್ನು ಬಿಟ್ಟು, ಟ್ರೇಸರನ್ನು ಮೊದಲೇ ಬೆರೆಸಿ, ವಾಚ್ ಗ್ಲಾಸ್ ಮುಚ್ಚಿದ ಬೀಕರಿನಲ್ಲಿ ನೈಟ್ರಿಕ್ ಆಮ್ಲದೊಂದಿಗೆ 90 ಡಿಗ್ರಿ ಮೀರದಂತೆ ಮೂರು ದಿನ ಕಾಯಿಸಿದಾಗ ಅದೇ ಪ್ಲವಕ ನೂರರ ಆಸುಪಾಸು ತೋರಿಸಿತು. ಬೂತಾಯಿಯ ಎಣ್ಣೆ ನೊರೆಯುಕ್ಕಿ ನಾಲ್ಕು ಬೀಕರುಗಳನ್ನು ಹಾಳುಮಾಡಿತು; ಅದನ್ನು ಹೇಗೆ ಅಡಗಿಸಿದೆನೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಹಣದ ಹೊರೆ ಬಿದ್ದದ್ದು, ದ್ರಾವಣದ ಪೊಲೋನಿಯಂ ಅಂಟಿಕೊಳ್ಳುವ ಬೆಳ್ಳಿಯ ಬಿಲ್ಲೆಗಳ ಮೇಲೆ. ಹೊರದೇಶದಿಂದ ತರಿಸುವ ಒಂದರ ಬೆಲೆಗೆ ಊರಿನ ಅಕ್ಕಸಾಲಿಗರು ನಾಲ್ಕು ಮಾಡಿಕೊಟ್ಟರು. ಮೊದಲ ಕಂತಿನಲ್ಲಿ ತಾಮ್ರ ಬೆರೆತಿದ್ದರಿಂದ ಹತ್ತು ಬಿಲ್ಲೆಗಳು ದ್ರಾವಣದಲ್ಲಿ ಕಪ್ಪಾದವು. ಶುದ್ಧ ತಗಡನ್ನು ನಾನೇ ಕೊಂಡು ಕೊಟ್ಟ ಮೇಲೆ ಆ ತಕರಾರು ತೀರಿತು. ಹಿಂಬದಿಗೆ ಉಗುರುಬಣ್ಣ ಬಳಿದರೆ ಸಾಕು. ಆಸ್ಕಾರ್ಬಿಕ್ ಆಮ್ಲದಲ್ಲಿ ಜಿಪುಣತನ ಮಾಡಿದರೆ ದ್ರಾವಣದ ಕಬ್ಬಿಣ ಅಡ್ಡಬಂದು, ಪೊಲೋನಿಯಂ ಎಣಿಸಲು ನೋಡುವ ಆಲ್ಫಾ ಶಿಖರ ಹರಡಿಹೋಗುತ್ತದೆ.

ನೀರಿಗೆ ಇಪ್ಪತ್ತು ಲೀಟರಿನ ಕ್ಯಾನು, ಪೊಲೋನಿಯಂ ಹಿಡಿದು ತಳಕ್ಕಿಳಿಸುವ ಮ್ಯಾಂಗನೀಸ್ ಡೈಆಕ್ಸೈಡಿನ ಕಂದು ಗಸಿ, ಒಂದು ರಾತ್ರಿಯ ಕಾಯುವಿಕೆ; ಲೀಟರಿಗೆ ಸುಮಾರು ಒಂದು ಮಿಲಿಬೆಕರೆಲ್. ಮೀನಿನ ಮಾಂಸದಲ್ಲಿ ಕಿಲೋಗೆ ಹತ್ತಿಪ್ಪತ್ತು ಬೆಕರೆಲ್ ಇದ್ದರೆ, ಕರುಳು ಮತ್ತು ಯಕೃತ್ತಿನಲ್ಲಿ ಹಲವು ನೂರು.

ಇದು ಕೈಗಾ ಅಣುಸ್ಥಾವರದಿಂದ ಬಂದದ್ದೇ ಎಂದು ದೋಣಿಯವರು ಪ್ರತಿ ಸಲವೂ ಕೇಳುತ್ತಾರೆ. ಪೊಲೋನಿಯಂ-210 ಯುರೇನಿಯಂ ಸರಣಿಯ ನೈಸರ್ಗಿಕ ಕುಡಿ. ಸ್ಥಾವರದ ಗುರುತು ಹುಡುಕುವವರು ಸೀಸಿಯಂ-137 ನೋಡಬೇಕು, ಅದರಲ್ಲಿಯೂ ಸಮುದ್ರದಲ್ಲಿರುವ ಬಹುಪಾಲು ಹಳೆಯ ಬಾಂಬ್ ಪರೀಕ್ಷೆಗಳ ಉಳಿಕೆ.

ಕುತೂಹಲಕ್ಕೆಂದು ಬೂತಾಯಿ ಕರುಳಿನ ಪುಡಿಯನ್ನು ಐದು ತಿಂಗಳು ಡಬ್ಬಿಯಲ್ಲಿಟ್ಟು ಮತ್ತೆ ಅಳೆದೆ. ಅರ್ಧಾಯು 138 ದಿನಗಳಾದ್ದರಿಂದಲೂ ಕ್ಷಯಿಸುತ್ತಾ ಅದನ್ನು ತುಂಬಿಕೊಡಬೇಕಾದ ಸೀಸ-210 ಮೀನಿನಲ್ಲಿ ತೀರ ಕಡಿಮೆಯಿರುವುದರಿಂದಲೂ ಹೆಚ್ಚುಕಡಿಮೆ ಅರ್ಧ ಮಾತ್ರ ಉಳಿದಿತ್ತು. ಹಿಡಿದ ದಿನಾಂಕ ಬರೆಯದೆ ಕಳೆದ ವರ್ಷದ ಒಣಮೀನು ತಂದುಕೊಡುವವರಿಗೆ ನಾನು ಅಂಕಿ ಕೊಡುವುದಿಲ್ಲ.