ಮೀನು ಸಾರಿಗೆಂದು ಸುಟ್ಟ ಮಡಕೆ

ಕುಮಟಾದಿಂದ ಗೋವಾದ ಮಾಪ್ಸಾಕ್ಕೆ ಬಂದ ಮೇಲೆ ಶುಕ್ರವಾರದ ಸಂತೆಯಲ್ಲಿ ಕುಂಡ್ಲೆ ಎಂಬ ಮಣ್ಣಿನ ಅಡುಗೆ ಮಡಕೆ ಕೊಂಡು ಮೀನು ಸಾರು ಮಾಡುತ್ತಿದ್ದೆ. ಡಿಚೋಲಿಯ ಕುಂಬಾರರೊಬ್ಬರ ಅಂಗಳದಲ್ಲಿ ಮಣ್ಣು ತುಳಿಯುವುದನ್ನು ಕಂಡ ದಿನ, ನಾನೇ ಒಂದನ್ನು ಮಾಡಿ ಸುಡಬೇಕೆಂಬ ಹಟ ಹುಟ್ಟಿತು.

ಮೊದಲ ಸಲ ನುಣ್ಣನೆಯ ಜೇಡಿಮಣ್ಣಿನಲ್ಲಿ ಆರು ಮಡಕೆ ಮಾಡಿದೆ. ನಾಲ್ಕು ಬೆಂಕಿಯಲ್ಲೇ ಸಿಡಿದವು, ಎರಡು ಒಲೆಯ ಮೇಲೆ ಸೀಳಿದವು. ಹೂಕುಂಡಕ್ಕೆ ಒಗ್ಗುವ ಮಣ್ಣು ಅಡುಗೆಗೆ ಒಗ್ಗುವುದಿಲ್ಲ. ತಳ ಕಾದು ಹಿಗ್ಗುವಾಗ ಬಾಯಿ ಇನ್ನೂ ತಣ್ಣಗಿರುತ್ತದೆ. ಆ ಎಳೆತಕ್ಕೆ ಬಿರುಕು ಬಿಟ್ಟರೂ ಅದು ಮುಂದೆ ಓಡದಂತೆ ತಡೆಯಲು ಮರಳಿನ ಕಾಳು ಬೇಕು. ಈಗ ನಾಲ್ಕು ಬೊಗಸೆ ಮಣ್ಣಿಗೆ ಒಂದು ಬೊಗಸೆ ಜರಡಿ ಹಿಡಿದ ಹೊಳೆಮರಳು ಬೆರೆಸುತ್ತೇನೆ. ತಳವನ್ನು ದುಂಡಗೆ ತಟ್ಟುತ್ತೇನೆ, ಮೂಲೆ ಇದ್ದಲ್ಲಿಂದಲೇ ಒಡಕು ಹೊರಡುತ್ತದೆ.

ಗೋವಾದ ಮಳೆಗಾಲದಲ್ಲಿ ನೆರಳಲ್ಲಿಟ್ಟ ಮಡಕೆ ಒಣಗಲು ಮೂರು ವಾರ ಹಿಡಿಯಿತು. ಕೆನ್ನೆಗೆ ಒತ್ತಿ ನೋಡುತ್ತೇನೆ. ತಂಪೆನಿಸಿದರೆ ಒಳಗೆ ಇನ್ನೂ ನೀರಿದೆ.

ಸುಡುವ ದಿನ ಅವಸರ ಕೂಡದು. ಸಣ್ಣ ಬೆಂಕಿಯ ಸುತ್ತ ಮಡಕೆಗಳನ್ನು ಬೋರಲು ಹಾಕಿ ತಿರುಗಿಸುತ್ತಾ ಮೂರು ಗಂಟೆ ಕಾಯಿಸುತ್ತೇನೆ. ನಡುನಡುವೆ ಒಂದನ್ನು ಇಕ್ಕಳದಿಂದ ಎತ್ತಿ, ಅದರ ಬಾಯಿಗೆ ತಣ್ಣನೆಯ ಸ್ಟೀಲ್ ತಟ್ಟೆ ಹಿಡಿಯುತ್ತೇನೆ. ತಟ್ಟೆ ಮಸುಕಾಗಿ ಹನಿ ಕಟ್ಟಿದರೆ ಇನ್ನೂ ಕಾಯಬೇಕು. ನನ್ನ ಮೊದಲ ನಾಲ್ಕು ಮಡಕೆಗಳನ್ನು ಸಿಡಿಸಿದ್ದು ಈ ನೀರೇ. ದಾರಿ ಸಿಗದ ಆವಿ ಗೋಡೆಯನ್ನೇ ಒಡೆದುಕೊಂಡು ಬಂದಿತ್ತು. ತಟ್ಟೆ ಒಣಗಿಯೇ ಉಳಿದ ಮೇಲೆ ಗುಂಡಿಯಲ್ಲಿ ಜೋಡಿಸಿ, ಬೆರಣಿ, ತೆಂಗಿನ ಸಿಪ್ಪೆ, ಒಣಹುಲ್ಲು ಹೊದಿಸಿ ದೊಡ್ಡ ಬೆಂಕಿ ಕೊಡುತ್ತೇನೆ. ಸಂದಿಯಲ್ಲಿ ಇಣುಕಿದರೆ ಮಡಕೆಯೇ ಕೆಂಡದಂತೆ ಹೊಳೆಯಬೇಕು.

ಆರಿದಂತೆ ಕಂಡರೂ ಬೂದಿ ಕೆದಕಬಾರದು. ಮಣ್ಣಿನೊಳಗಿನ ಬೆಣಚು (ಕ್ವಾರ್ಟ್ಜ್) ತಣಿಯುವಾಗ ಸುಮಾರು 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ಥಟ್ಟನೆ ಕುಗ್ಗುತ್ತದೆ; ಆಗ ಗಾಳಿ ತಗುಲಿದರೆ ಕೂದಲೆಳೆಯಂಥ ಸೀಳು ಬೀಳುತ್ತದೆ. ಮರುದಿನ ಬೆಳಗಿನವರೆಗೂ ನಾನು ಮುಟ್ಟುವುದಿಲ್ಲ. ಆ ರಾತ್ರಿ ನಿದ್ದೆ ಬರುವುದಿಲ್ಲ, ನಿಜ.

ಬೆರಳಿನಿಂದ ತಟ್ಟಿದಾಗ ಠಣ್ ಎಂದ ಮಡಕೆ ಗಟ್ಟಿ; ಬೊದ್ ಎಂದರೆ ಎಲ್ಲೋ ಒಡಕಿದೆ. ಎರಡನೇ ಸಲ ಐದರಲ್ಲಿ ನಾಲ್ಕು ಠಣ್ ಎಂದವು. ಒಂದರಲ್ಲಿ ಎರಡು ದಿನ ಅಕ್ಕಿ ಗಂಜಿ ಕುದಿಸಿ ಪಳಗಿಸಿ, ಸಣ್ಣ ಉರಿಯಲ್ಲಿ ಬಂಗುಡೆ ಸಾರಿಟ್ಟೆ. ಒಲೆಯಿಂದ ಇಳಿಸಿದ ಮೇಲೂ ಅದು ಗುಳುಗುಳು ಕುದಿಯುತ್ತಲೇ ಇತ್ತು.