ಹೆಬ್ಬೆರಳಿಗೆ ತಿಳಿಯುವ ಹೀಲಿಯಂ

ಡೀವಾರ್, ಅಂದರೆ ಥರ್ಮಾಸ್ ಫ್ಲಾಸ್ಕಿನಂಥ ಪಾತ್ರೆಯ ಒಳಗೆ ದ್ರವ ಹೀಲಿಯಂ ಎಷ್ಟು ಉಳಿದಿದೆ ಅಂತ ನೋಡಲು ನಮ್ಮ ಲ್ಯಾಬಿನಲ್ಲಿ ಒಂದು ಉದ್ದನೆಯ ಸ್ಟೀಲ್ ಕೊಳವೆ ಇತ್ತು. ಪೆನ್ಸಿಲ್‌ಗಿಂತ ಸಣ್ಣ. ಮೇಲ್ತುದಿಯಲ್ಲಿ ಒಂದು ಪುಟ್ಟ ಹಿತ್ತಾಳೆ ಬಟ್ಟಲು. ಆ ಬಟ್ಟಲ ಬಾಯಿಗೆ ಸರ್ಜಿಕಲ್ ಗ್ಲೌಸ್ ಕತ್ತರಿಸಿ, ಬಿಗಿಯಾಗಿ ಎಳೆದು ಕಟ್ಟಿದ ರಬ್ಬರ್. ಕೊಳವೆಯನ್ನು ನಿಧಾನಕ್ಕೆ ಡೀವಾರ್ ಒಳಗೆ ಇಳಿಸಬೇಕು. ಹೆಬ್ಬೆರಳನ್ನು ರಬ್ಬರ್ ಮೇಲೆ ಹಗುರವಾಗಿ ಇಡಬೇಕು. ಸ್ವಲ್ಪ ಹೊತ್ತಿಗೆ ಬೆರಳ ಕೆಳಗೆ ಏನೋ ಮಿಡಿಯಲು ಶುರುವಾಗುತ್ತದೆ, ನಾಡಿ ಹಿಡಿದ ಹಾಗೆ.

ಕೊಳವೆಯ ಕೆಳತುದಿ 4.2 ಕೆಲ್ವಿನ್, ಅಂದರೆ ಸೊನ್ನೆ ಸೆಲ್ಸಿಯಸ್‌ಗಿಂತ 269 ಡಿಗ್ರಿ ಕೆಳಗೆ. ಮೇಲ್ತುದಿ ಕೋಣೆಯಷ್ಟೇ ಬೆಚ್ಚಗೆ. ಇಷ್ಟು ವ್ಯತ್ಯಾಸ ಇದ್ದರೆ ಒಳಗಿನ ಅನಿಲ ತಾನಾಗಿಯೇ ಮೇಲೆ ಕೆಳಗೆ ಆಡುತ್ತದೆ. ತುದಿ ದ್ರವದಲ್ಲಿ ಮುಳುಗಿದ್ದಾಗ ಮಿಡಿತ ನಿಧಾನ, ಭಾರ. ತುದಿ ದ್ರವದಿಂದ ಮೇಲೆ ಬಂತೋ, ಮಿಡಿತ ಚುರುಕಾಗಿ ಸಣ್ಣ ನಡುಕದಂತಾಗುತ್ತದೆ. ಆ ಬದಲಾವಣೆ ಸಿಕ್ಕ ಜಾಗದಲ್ಲಿ ಕೊಳವೆಗೆ ಗುರುತು ಹಾಕಿ, ಸ್ಕೇಲ್ ಹಿಡಿದು, ಗೋಡೆಗೆ ಅಂಟಿಸಿದ ಪಟ್ಟಿ ನೋಡಿದರೆ ಎಷ್ಟು ಲೀಟರ್ ಅಂತ ತಿಳಿಯುತ್ತದೆ. ಮೊದಲ ಸಲ ನನಗೆ ಎರಡು ಮಿಡಿತಗಳ ವ್ಯತ್ಯಾಸವೇ ಗೊತ್ತಾಗಲಿಲ್ಲ. ನಮ್ಮ ಹಿರಿಯ ತಂತ್ರಜ್ಞರು ನನ್ನ ಬೆರಳು ತೆಗೆಸಿ, ತಮ್ಮ ಬೆರಳಿಟ್ಟು, ಒಂದೇ ನಿಮಿಷದಲ್ಲಿ ಹೇಳಿದರು. “ಒತ್ತಬೇಡಪ್ಪಾ. ಸುಮ್ನೆ ಇಟ್ಕೊ. ಅದೇ ಹೇಳುತ್ತೆ.”

ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಪಿಎಚ್.ಡಿ. ಮಾಡಿದ ಐದು ವರ್ಷ ನನ್ನದು ಇದೇ ಕೆಲಸ. ನಿಯೋಬಿಯಂ ಲೋಹದ ತೆಳುಪದರಗಳು ಎಷ್ಟು ತಣ್ಣಗಾದಾಗ ಸೂಪರ್‌ಕಂಡಕ್ಟರ್ ಆಗುತ್ತವೆ, ಅಂದರೆ ಕರೆಂಟಿಗೆ ಯಾವ ತಡೆಯನ್ನೂ ಒಡ್ಡದ ಸ್ಥಿತಿಗೆ ಬರುತ್ತವೆ ಅಂತ ಅಳೆಯುವುದು. ಗಟ್ಟಿ ನಿಯೋಬಿಯಂ 9.2 ಕೆಲ್ವಿನ್ ಹತ್ತಿರ ಆ ಸ್ಥಿತಿಗೆ ಬರುತ್ತದೆ. ಪದರ ತೆಳುವಾದಷ್ಟೂ ಆ ಅಂಕಿ ಇಳಿಯುತ್ತದೆ. ರಜೆಗೆ ಊರಿಗೆ ಹೋದಾಗಲೆಲ್ಲ ಅವ್ವ ಕೇಳುತ್ತಿದ್ದಳು, “ಅಷ್ಟ ಥಂಡಿ ಮಾಡಿ ಏನ್ ಮಾಡ್ತೀಯೋ ತಮ್ಮಾ?” ಅವಳಿಗೆ ಹೇಳುತ್ತಾ ಹೇಳುತ್ತಾ ನನಗೇ ಒಂದು ವಿಷಯ ಸ್ಪಷ್ಟವಾಯಿತು. ಥಂಡಿ ಮಾಡುವುದು ನನ್ನ ಕೆಲಸವಲ್ಲ. ಥಂಡಿಯನ್ನು ಹೀಲಿಯಂ ಕೊಡುತ್ತದೆ. ಬಿಸಿ ಒಳಗೆ ಹೋಗದ ಹಾಗೆ, ಹೀಲಿಯಂ ಹೊರಗೆ ಹೋಗದ ಹಾಗೆ ಕಾಯುವುದು ನನ್ನ ಕೆಲಸ.

ನಮ್ಮೂರು ಜಮಖಂಡಿಯ ಹತ್ತಿರ. ಹೀಲಿಯಂಗೂ ಜಮಖಂಡಿಗೂ ನಂಟಿದೆ ಅಂತ ಗೊತ್ತಾದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣ ನೋಡಲು ಲೆಫ್ಟಿನೆಂಟ್ ಜಾನ್ ಹರ್ಷೆಲ್ ಬಂದದ್ದು ಜಮಖಂಡಿಗೆ. ಫ್ರಾನ್ಸಿನ ಜಾನ್ಸೆನ್ ಅದೇ ಹೊತ್ತಿಗೆ ಗುಂಟೂರಿನಲ್ಲಿದ್ದರು. ಸೂರ್ಯನ ಅಂಚಿನಲ್ಲಿ ಎದ್ದ ಜ್ವಾಲೆಗಳ ಬೆಳಕನ್ನು ಸ್ಪೆಕ್ಟ್ರೋಸ್ಕೋಪಿನಲ್ಲಿ, ಅಂದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಉಪಕರಣದಲ್ಲಿ ನೋಡಿದವರಲ್ಲಿ ಇಬ್ಬರೂ ಸೇರಿದ್ದಾರೆ. ಆ ಬೆಳಕಿನ ಹಳದಿ ಗೆರೆ ಸೋಡಿಯಂದಲ್ಲ, ಬೇರೇನೋ ಅಂತ ಆಮೇಲೆ ಇಂಗ್ಲೆಂಡಿನ ಲಾಕ್ಯರ್ ಗುರುತಿಸಿದರು. 1895ರಲ್ಲಿ ರಾಮ್ಸೆ ಅದೇ ಹೀಲಿಯಂ ಅನ್ನು ಯುರೇನಿಯಂ ಇರುವ ಕಲ್ಲಿನಿಂದ ತೆಗೆದು ತೋರಿಸಿದರು.

ಕಲ್ಲಿನಿಂದ ಅನ್ನುವುದು ಮುಖ್ಯ. ನಾವು ಬಳಸುವ ಹೀಲಿಯಂ ಹುಟ್ಟುವುದೇ ಬಂಡೆಯೊಳಗೆ. ಯುರೇನಿಯಂ, ಥೋರಿಯಂ ಪರಮಾಣುಗಳು ಒಡೆಯುವಾಗ ಹೊರಬೀಳುವ ಆಲ್ಫಾ ಕಣ ಇದೆಯಲ್ಲ, ಅದು ಹೀಲಿಯಂನದೇ ನ್ಯೂಕ್ಲಿಯಸ್. ಕೋಟಿಗಟ್ಟಲೆ ವರ್ಷ ಹೀಗೆ ಕೂಡಿದ ಅನಿಲ ನೆಲದಡಿಯ ನೈಸರ್ಗಿಕ ಅನಿಲದ ಜೊತೆ ಸಿಕ್ಕಿಬಿದ್ದಿರುತ್ತದೆ. ಪಶ್ಚಿಮ ಬಂಗಾಳದ ಬಕ್ರೇಶ್ವರದ ಬಿಸಿನೀರಿನ ಬುಗ್ಗೆಗಳಿಂದ ಬರುವ ಅನಿಲದಲ್ಲೂ ಹೀಲಿಯಂ ಇದೆ. ಆದರೆ ನಮ್ಮ ದೇಶಕ್ಕೆ ಬೇಕಾದದ್ದು ಬಹುಪಾಲು ಹೊರಗಿನಿಂದಲೇ ಬರಬೇಕು. ಒಮ್ಮೆ ಗಾಳಿಗೆ ಬಿಟ್ಟರೆ ಮುಗಿಯಿತು. ಅದು ಮೇಲೇರಿ, ಕೊನೆಗೆ ಭೂಮಿಯನ್ನೇ ಬಿಟ್ಟು ಹೋಗುತ್ತದೆ. ಹಾಗಾಗಿ ನಮ್ಮ ಲ್ಯಾಬಿನಲ್ಲಿ ಆವಿಯಾದ ಹೀಲಿಯಂ ಎಲ್ಲವೂ ಪೈಪಿನಲ್ಲಿ ವಾಪಸ್ ಹೋಗಿ, ದೊಡ್ಡ ಚೀಲವೊಂದರಲ್ಲಿ ತುಂಬಿಕೊಂಡು, ಕಂಪ್ರೆಸರ್ ದಾಟಿ ಸಿಲಿಂಡರ್ ಸೇರಿ, ಶುದ್ಧಿಯಾಗಿ ಮತ್ತೆ ದ್ರವವಾಗುತ್ತಿತ್ತು. ಬಾಗಿಲ ಪಕ್ಕ ಒಂದು ರಟ್ಟಿನ ಪುಸ್ತಕ. ಎಷ್ಟು ಲೀಟರ್ ತೆಗೆದುಕೊಂಡೆ, ಮೀಟರ್ ಪ್ರಕಾರ ಎಷ್ಟು ಅನಿಲ ವಾಪಸ್ ಕೊಟ್ಟೆ, ಎರಡನ್ನೂ ಬರೆಯಬೇಕು. ಒಂದು ಲೀಟರ್ ದ್ರವ ಕೋಣೆಯ ಬಿಸಿಗೆ ಬಂದರೆ ಸುಮಾರು 750 ಲೀಟರ್ ಅನಿಲ. ಅಲ್ಲಿ ಸುಳ್ಳು ಬರೆಯಲು ಆಗುವುದಿಲ್ಲ.

ಸ್ಯಾಂಪಲ್ ಅನ್ನು ಹೀಲಿಯಂ ಒಳಗೆ ಇಳಿಸುವ ಪ್ರೋಬ್ ಅನ್ನು ನಾನೇ ಮಾಡಿಕೊಂಡೆ. ತೆಳು ಗೋಡೆಯ ಸ್ಟೀಲ್ ಕೊಳವೆ, ತುದಿಗೆ ತಾಮ್ರದ ಗಟ್ಟಿ, ಗಟ್ಟಿಯ ಮೇಲೆ ಸ್ಯಾಂಪಲ್ ಮತ್ತು ಥರ್ಮಾಮೀಟರ್, ಮೇಲಿನವರೆಗೆ ಹದಿನಾರು ವೈರ್. ವೈರ್ ಅಂದರೆ ತಾಮ್ರ ಅಂತಲೇ ನನ್ನ ತಲೆಯಲ್ಲಿತ್ತು. ಎರಡು ವಾರ ಕೂತು ಅಂದವಾಗಿ ಬೆಸುಗೆ ಹಾಕಿದೆ. ಮೊದಲ ಓಟದಲ್ಲಿ ಆರು ಲೀಟರ್ ಹೀಲಿಯಂ ನಾಲ್ಕೇ ಗಂಟೆಗೆ ಖಾಲಿ. ನಾನು ಇಡೀ ರಾತ್ರಿ ಬರುತ್ತದೆ ಅಂದುಕೊಂಡಿದ್ದೆ.

ಮರುದಿನ ಕಾಗದ ಪೆನ್ನು ಹಿಡಿದು ಕೂತೆ. ಈ ಲೆಕ್ಕವನ್ನು ಪ್ರೋಬ್ ಮಾಡುವ ಮೊದಲೇ ಹಾಕಬೇಕಿತ್ತು. ಹೊಸದಾಗಿ ಈ ಕೆಲಸಕ್ಕೆ ಬರುವವರು ದಯವಿಟ್ಟು ಮೊದಲೇ ಹಾಕಿ. ದ್ರವ ಹೀಲಿಯಂ ಒಳಗೆ ಒಂದು ವ್ಯಾಟ್ ಬಿಸಿ ಬಿದ್ದರೆ ಗಂಟೆಗೆ 1.4 ಲೀಟರ್ ಆವಿಯಾಗುತ್ತದೆ. ಒಂದೇ ವ್ಯಾಟ್! ಅದೇ ಬಿಸಿಗೆ ದ್ರವ ಸಾರಜನಕ ಗಂಟೆಗೆ ಕಳೆದುಕೊಳ್ಳುವುದು ಸುಮಾರು 22 ಮಿಲಿಲೀಟರ್ ಮಾತ್ರ. 0.2 ಮಿಲಿಮೀಟರ್ ದಪ್ಪದ, ಒಂದು ಮೀಟರ್ ಉದ್ದದ ತಾಮ್ರದ ವೈರ್ ಕೋಣೆಯಿಂದ ಸುಮಾರು 5 ಮಿಲಿವ್ಯಾಟ್ ಬಿಸಿಯನ್ನು ಕೆಳಗೆ ಇಳಿಸುತ್ತದೆ. ಹದಿನಾರು ವೈರ್‌ಗೆ 80. ಅದು ಕಡಿಮೆಯೇನಲ್ಲ, ಆದರೂ ನನ್ನ ನಷ್ಟಕ್ಕೆ ಸಾಲದು. ಉಳಿದದ್ದು ಎಲ್ಲಿಂದ ಬಂತು? ಡೀವಾರ್‌ನ ಕತ್ತು 5 ಸೆಂಟಿಮೀಟರ್ ಅಗಲ. ಮೇಲಿನ ಮುಚ್ಚಳ ಕೋಣೆಯಷ್ಟು ಬೆಚ್ಚಗಿದೆ. ಅದರ ಕೆಳಮೈ ನೇರವಾಗಿ ಹೀಲಿಯಂ ಅನ್ನು ನೋಡುತ್ತಿದೆ. ಕೋಣೆಯ ಬಿಸಿಯಲ್ಲಿರುವ ಮೈ ಪ್ರತಿ ಚದರ ಸೆಂಟಿಮೀಟರಿಗೆ 46 ಮಿಲಿವ್ಯಾಟ್‌ವರೆಗೂ ಹೊರಸೂಸಬಲ್ಲದು. ಕತ್ತಿನ ಇಡೀ ಅಗಲಕ್ಕೆ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ಒಂದು ವ್ಯಾಟ್. ಕಣ್ಣಿಗೆ ಕಾಣದ ಆ ಶಾಖಕ್ಕೆ ನಾನು ಬಾಗಿಲು ತೆರೆದಿಟ್ಟಿದ್ದೆ.

ಎರಡನೇ ಪ್ರೋಬ್‌ಗೆ ತಾಮ್ರದ ಬದಲು ಮ್ಯಾಂಗನಿನ್ ಎಂಬ ಮಿಶ್ರಲೋಹದ ವೈರ್ ಹಾಕಿದೆ. ಅದು ಸಾಗಿಸುವ ಬಿಸಿ ತಾಮ್ರಕ್ಕಿಂತ ಹತ್ತಾರು ಪಟ್ಟು ಕಡಿಮೆ. ಕೊಳವೆಯ ಮೇಲೆ ಆರು ತೆಳು ತಾಮ್ರದ ಬಿಲ್ಲೆಗಳನ್ನು ಒಂದರ ಕೆಳಗೊಂದು ಕೂರಿಸಿದೆ, ಕತ್ತಿನ ಗೋಡೆಗೆ ತಾಗದಷ್ಟು ಸಣ್ಣವು. ಮೇಲಿನ ಶಾಖವನ್ನು ಅವು ತಡೆಯುತ್ತವೆ. ಕೆಳಗಿಂದ ಏರುವ ತಣ್ಣನೆ ಅನಿಲ ಅವುಗಳನ್ನು ಸವರಿಕೊಂಡು ಹೋಗುತ್ತದೆ. ಅಷ್ಟೇ ಬದಲಾವಣೆ. ಅದೇ ಆರು ಲೀಟರ್ ಇಪ್ಪತ್ತು ಗಂಟೆ ಬಂತು.

ಆದರೆ ಅಂಕಿಗಳು ಸರಿ ಬರಲಿಲ್ಲ. ಥರ್ಮಾಮೀಟರ್ ನಂಬಬಹುದಾ ಅಂತ ನೋಡಲು ಸೀಸದ ಒಂದು ತುಂಡು ಕಟ್ಟಿದ್ದೆ. ಸೀಸ 7.2 ಕೆಲ್ವಿನ್‌ನಲ್ಲಿ ಸೂಪರ್‌ಕಂಡಕ್ಟರ್ ಆಗಬೇಕು. ನನ್ನ ಪರದೆಯ ಮೇಲೆ 7.9 ಅಂತ ಬಂತು. ಎರಡು ಸಲ ಮಾಡಿದರೂ ಅಷ್ಟೇ. ನಾನು ಥರ್ಮಾಮೀಟರ್ ಕೆಟ್ಟಿದೆ ಅಂದೆ. ನನ್ನ ಗೈಡ್ ಆಗಿದ್ದ ಸರ್ ಪ್ರೋಬ್ ತಿರುಗಿಸಿ ನೋಡಿ, ಥರ್ಮಾಮೀಟರಿನ ವೈರ್ ಕಡೆ ಬೆರಳು ತೋರಿಸಿದರು. ಮೇಲಿಂದ ಬಂದ ವೈರ್ ನೇರ ಥರ್ಮಾಮೀಟರಿಗೇ ಹೋಗಿತ್ತು. ವೈರ್ ಹೊತ್ತು ತಂದ ಬಿಸಿ ಮೊದಲು ಮುಟ್ಟುತ್ತಿದ್ದದ್ದೇ ಅದನ್ನು. ಹಾಗಾಗಿ ಅದು ಸ್ಯಾಂಪಲ್‌ಗಿಂತ ಬೆಚ್ಚಗಿತ್ತು. ಅದು ಹೇಳಿದ್ದು ನಿಜವೇ, ಆದರೆ ತನ್ನ ಬಗ್ಗೆ ಮಾತ್ರ.

ಅದಕ್ಕೆ ಅವರು ತೋರಿಸಿಕೊಟ್ಟ ದಾರಿ ಇವತ್ತಿಗೂ ನನ್ನ ಕೈಯಲ್ಲಿದೆ. ತಾಮ್ರದ ಗೂಟಕ್ಕೆ ಸಿಗರೇಟ್ ಪೇಪರ್ ಒಂದು ಸುತ್ತು. ಅದರ ಮೇಲೆ ವಾರ್ನಿಶ್ ಬಳಿದು ಪೇಪರ್ ಪಾರದರ್ಶಕ ಆಗುವವರೆಗೆ ನೆನೆಸಬೇಕು. ಥರ್ಮಾಮೀಟರಿಗೆ ಹೋಗುವ ಮೊದಲು ವೈರ್ ಅನ್ನು ಅದರ ಮೇಲೆ ಹತ್ತು ಹದಿನೈದು ಸುತ್ತು, ಒಂದಕ್ಕೊಂದು ಒತ್ತಿಕೊಂಡು, ಮತ್ತೆ ವಾರ್ನಿಶ್. ಪೇಪರ್ ಇರುವುದರಿಂದ ವೈರಿನ ಎನಾಮಲ್ ಉಜ್ಜಿಹೋದರೂ ಶಾರ್ಟ್ ಆಗುವುದಿಲ್ಲ. ಬಿಸಿ ಮಾತ್ರ ಆ ತೆಳು ಪೇಪರ್ ದಾಟಿ ಗೂಟಕ್ಕೆ ಇಳಿಯುತ್ತದೆ. ಒಂದು ರಾತ್ರಿ ಒಣಗಲು ಬಿಡಬೇಕು. ಮುಂದಿನ ಓಟದಲ್ಲಿ ಸೀಸ 7.2 ಅಂದಿತು. ನನ್ನ ಥೀಸಿಸ್‌ನ ಯಾವ ಗ್ರಾಫ್‌ಗಿಂತಲೂ ಆ ಒಂದು ಅಂಕಿ ನನಗೆ ಜಾಸ್ತಿ ಇಷ್ಟ.

ಇನ್ನು ಹೀಲಿಯಂ ತುಂಬುವ ದಿನದ ವಿಷಯ. ಬಿಸಿ ಡೀವಾರ್‌ಗೆ ನೇರ ಹೀಲಿಯಂ ಸುರಿಯುವುದು ಅಂದರೆ ದುಡ್ಡು ಸುಟ್ಟ ಹಾಗೆ. ಒಂದು ಕಿಲೋ ತಾಮ್ರವನ್ನು ಕೋಣೆಯ ಬಿಸಿಯಿಂದ 4.2ಕ್ಕೆ ಇಳಿಸಲು, ದ್ರವ ಆವಿಯಾಗುವ ತಂಪನ್ನು ಮಾತ್ರ ಬಳಸಿದರೆ ಸುಮಾರು 30 ಲೀಟರ್ ಬೇಕು. ಮೊದಲು ದ್ರವ ಸಾರಜನಕದಿಂದ 77 ಕೆಲ್ವಿನ್‌ಗೆ ತಂದುಕೊಂಡರೆ ಸುಮಾರು 2 ಲೀಟರ್ ಸಾಕು. ಆವಿಯಾದ ತಣ್ಣನೆ ಅನಿಲವನ್ನೂ ಪೂರ್ತಿ ದುಡಿಸಿಕೊಂಡರೆ ಅದರಲ್ಲೂ ಬಹಳ ಉಳಿಯುತ್ತದೆ. ಯಾಕೆಂದರೆ ಕುದಿಯುವಾಗ ಹೀಲಿಯಂ ಹೀರುವ ಬಿಸಿ ತೀರಾ ಕಡಿಮೆ. ಆವಿಯಾದ ಮೇಲೆ ಕೋಣೆಯ ಬಿಸಿಗೆ ಏರುವಷ್ಟರಲ್ಲಿ ಅದರ ಎಪ್ಪತ್ತು ಪಟ್ಟಿಗೂ ಜಾಸ್ತಿ ಬಿಸಿಯನ್ನು ಹೀರುತ್ತದೆ. ಅದಕ್ಕೇ ಹೀಲಿಯಂ ತುಂಬುವ ಕೊಳವೆಯನ್ನು ತಳದವರೆಗೆ ಇಳಿಸಿ, ಅನಿಲ ನಿಧಾನಕ್ಕೆ ಎಲ್ಲವನ್ನೂ ಸವರಿಕೊಂಡು ಮೇಲೆ ಬರುವಂತೆ ಬಿಡಬೇಕು. ಅವಸರ ಮಾಡಿದವರು ಆ ಎಪ್ಪತ್ತು ಪಟ್ಟನ್ನು ಪೈಪಿಗೆ ದಾನ ಮಾಡುತ್ತಾರೆ.

ಸಾರಜನಕವನ್ನು ಹಿಂದಿನ ಸಂಜೆ ತುಂಬಿ, ಬೆಳಿಗ್ಗೆ ಪೂರ್ತಿ ಹೊರಗೆ ತಳ್ಳಬೇಕು. ಪೂರ್ತಿ ಅಂದರೆ ಪೂರ್ತಿ. ತಳದಲ್ಲಿ ಒಂದು ಲೋಟದಷ್ಟು ಉಳಿದರೂ ಅದು ಹೆಪ್ಪುಗಟ್ಟಿ ಕಲ್ಲಾಗುತ್ತದೆ, ಹೀಲಿಯಂ ನುಂಗುತ್ತಲೇ ಇರುತ್ತದೆ. ನನಗೆ ಎರಡನೇ ವರ್ಷ ಹೀಗಾಯಿತು. ಹದಿನೈದು ಲೀಟರ್ ಹೋದರೂ ದ್ರವ ನಿಲ್ಲಲಿಲ್ಲ. ಪುಸ್ತಕದಲ್ಲಿ ಆ ಸಾಲು ಬರೆಯುವಾಗ ಬಹಳ ಬೇಜಾರಾಯಿತು. ಆಮೇಲೆ ಕಲಿತದ್ದು ಇದು: ಸಾರಜನಕ ತೆಗೆದ ಮೇಲೆ ಪಂಪ್ ಹಾಕಿ ಗೇಜ್ ನೋಡುತ್ತಿರಬೇಕು. ಒತ್ತಡ ಸಲೀಸಾಗಿ ಇಳಿದುಹೋದರೆ ಒಳಗೆ ಏನಿಲ್ಲ. ಮುಳ್ಳು 94 ಟಾರ್ (ಟಾರ್ ಅಂದರೆ ಒತ್ತಡದ ಒಂದು ಅಳತೆ) ಹತ್ತಿರ ಬಂದು ಸುಮ್ಮನೆ ನಿಂತರೆ ತಳದಲ್ಲಿ ಸಾರಜನಕ ಇದೆ, ಈಗ ಹೆಪ್ಪುಗಟ್ಟುತ್ತಿದೆ ಅಂತ ಅರ್ಥ. ಆಗ ಪಂಪ್ ನಿಲ್ಲಿಸಿ, ಸ್ವಲ್ಪ ಬೆಚ್ಚಗಾಗಲು ಬಿಟ್ಟು, ಮತ್ತೆ ಹೊರಗೆ ತಳ್ಳಬೇಕು. ಅರ್ಧ ದಿನ ಹೋಗುತ್ತದೆ, ಹೋಗಲಿ.

ಸುರಕ್ಷತೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ದೊಡ್ಡ ಡೀವಾರ್‌ನ ಕತ್ತನ್ನು ತೆರೆದು ಬಿಟ್ಟರೆ ಗಾಳಿ ಒಳಗೆ ಹೋಗಿ ಗಟ್ಟಿಯಾಗುತ್ತದೆ, ಬಿರಡೆ ಹಾಕಿದಂತೆ ಕತ್ತು ಕಟ್ಟುತ್ತದೆ. ಕೆಳಗೆ ಹೀಲಿಯಂ ಆವಿಯಾಗುತ್ತಲೇ ಇರುತ್ತದೆ, ಹೊರಗೆ ದಾರಿ ಇಲ್ಲ. ಅದು ಬಾಂಬ್. ಇನ್ನೊಂದು, ಮುಚ್ಚಿದ ಕೋಣೆಯಲ್ಲಿ ಹೀಲಿಯಂ ಸೋರಿದರೆ ಆಮ್ಲಜನಕ ಕಡಿಮೆಯಾಗುತ್ತದೆ. ವಾಸನೆ ಇಲ್ಲ, ಉಸಿರುಗಟ್ಟಿದ ಅನುಭವವೂ ಆಗುವುದಿಲ್ಲ, ಮನುಷ್ಯ ಕುಸಿದುಬೀಳುತ್ತಾನೆ. ಆಕ್ಸಿಜನ್ ಅಲಾರಂ ಕೆಟ್ಟಿದ್ದರೆ ಅವತ್ತು ಪ್ರಯೋಗ ಬೇಡ.

ನಾಲ್ಕನೇ ವರ್ಷದ ಒಂದು ರಾತ್ರಿ ನನ್ನ ತೆಳುಪದರದ ತಡೆ ಕಣ್ಣೆದುರೇ ಸೊನ್ನೆಗೆ ಬಿತ್ತು. 8.6 ಕೆಲ್ವಿನ್. ಕರೆಂಟಿನ ದಿಕ್ಕು ಬದಲಿಸಿ ನೋಡಿದೆ, ಪ್ರೋಬ್ ಎತ್ತಿ ಇಳಿಸಿ ನೋಡಿದೆ, ಅದೇ ಜಾಗ. 1911ರಲ್ಲಿ ಲೈಡನ್ನಿನಲ್ಲಿ ಕಾಮರ್ಲಿಂಗ್ ಓನ್ಸ್ ಅವರ ಲ್ಯಾಬಿನವರು ಪಾದರಸದಲ್ಲಿ ಮೊದಲ ಸಲ ಕಂಡದ್ದು ಇದನ್ನೇ. ಅದಕ್ಕೆ ಮೂರು ವರ್ಷ ಮೊದಲು, 1908ರ ಜುಲೈ 10ರಂದು, ಹೀಲಿಯಂ ಅನ್ನು ಮೊದಲು ದ್ರವ ಮಾಡಿದವರೂ ಅವರೇ. ನೂರು ವರ್ಷಕ್ಕೂ ಹಳೆಯ ಸಂಗತಿ. ಆದರೂ ನನ್ನ ಕೈಯಲ್ಲಿ ಆದಾಗ ಮೈ ಜುಮ್ಮೆಂದಿತು.

ಲ್ಯಾಬ್ ಬಿಡುವ ಮೊದಲು ಸರ್ ಒಂದು ದಿನ ಹಳೆಯ ಗಾಜಿನ ಡೀವಾರ್ ಹೊರಗೆ ತೆಗೆದರು. ಬೆಳ್ಳಿ ಲೇಪನದ ನಡುವೆ ಉದ್ದಕ್ಕೂ ಒಂದು ಕಿಂಡಿ ಬಿಟ್ಟಿರುವಂಥದ್ದು. ಮಿಕ್ಕಿದ್ದ ನಾಲ್ಕು ಲೀಟರ್ ಹೀಲಿಯಂ ಅದಕ್ಕೆ ತುಂಬಿ ಪಂಪ್ ಹಚ್ಚಿದೆವು. ಐದು ವರ್ಷದಲ್ಲಿ ದ್ರವ ಹೀಲಿಯಂ ಅನ್ನು ನಾನು ಕಣ್ಣಾರೆ ಕಂಡದ್ದು ಅವತ್ತೇ. ನೀರಿಗಿಂತ ಬಹಳ ತಿಳಿ. ಅದರ ಮೇಲ್ಮೈ ಎಲ್ಲಿದೆ ಅಂತ ಹುಡುಕಬೇಕು. ಒತ್ತಡ ಇಳಿದಂತೆಲ್ಲ ಜೋರಾಗಿ ಕುದಿಯಿತು, ಮೂರನೇ ಒಂದು ಭಾಗಕ್ಕೂ ಜಾಸ್ತಿ ಆವಿಯಾಗಿ ಹೋಯಿತು. ಗೇಜ್ 38 ಟಾರ್ ಮುಟ್ಟಿತು. ಕುದಿತ ನಿಂತಿತು. ಒಂದು ಗುಳ್ಳೆಯೂ ಇಲ್ಲ. ಪಂಪ್ ಓಡುತ್ತಲೇ ಇದೆ, ಹೀಲಿಯಂ ಆವಿಯಾಗುತ್ತಲೇ ಇದೆ, ದ್ರವ ಮಾತ್ರ ಗಾಜಿನ ಹಾಗೆ ಸ್ತಬ್ಧ. 2.17 ಕೆಲ್ವಿನ್. ಇಲ್ಲಿಂದ ಕೆಳಗೆ ಅದು ಬಿಸಿಯನ್ನು ಎಷ್ಟು ಬೇಗ ಹರಡುತ್ತದೆ ಅಂದರೆ ಗುಳ್ಳೆ ಏಳಲು ಎಲ್ಲೂ ಬಿಸಿ ಚುಕ್ಕೆಯೇ ಉಳಿಯುವುದಿಲ್ಲ. ಸರ್ ಮುವ್ವತ್ತು ವರ್ಷದಿಂದ ಇದನ್ನು ನೋಡಿದವರು. ಆದರೂ ಕಿಂಡಿಯಿಂದ ಕಣ್ಣು ತೆಗೆಯಲಿಲ್ಲ.

ಮರುದಿನ ಬೆಳಿಗ್ಗೆ ನಾನು ಮೀಟರ್ ಓದಿ ಹೇಳಿದೆ, ಅವರು ಪುಸ್ತಕದಲ್ಲಿ ಬರೆದರು. ತೆಗೆದದ್ದು 4 ಲೀಟರ್, ಬರಬೇಕಾದದ್ದು 3 ಘನ ಮೀಟರ್, ಬಂದದ್ದು 2.8. ಮೊದಲ ವರ್ಷದಲ್ಲಿ ನನ್ನ ಸಾಲುಗಳಲ್ಲಿ ಅರ್ಧದಷ್ಟೂ ವಾಪಸ್ ಬಂದಿರದ ದಿನಗಳಿವೆ. ಹಾಗಾಗಿ ನನಗೆ ಸಮಾಧಾನವಾಗಿತ್ತು. ಸರ್ ಪೆನ್ನು ಮುಚ್ಚದೆ ಕೇಳಿದರು, “ಮಿಕ್ಕಿದ್ದು ಎಲ್ಲಿ ಹೋಯ್ತಪ್ಪಾ?”

ಸೋಪಿನ ನೀರು, ಬ್ರಷ್ ತೆಗೆದುಕೊಂಡು ಪೈಪಿನ ಉದ್ದಕ್ಕೂ ಹೋದೆವು. ಪಂಪಿನ ಹಿಂದೆ, ಮೂರನೇ ಜೋಡಣೆಯಲ್ಲಿ, ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿದ್ದವು.