ಮನೆತನ ಅಲ್ಲ, ಮನೆ ಹಿಡಿದು ಹೋಗಿ: ಒಂದು ಐರಿಶ್ ಟೌನ್‌ಲ್ಯಾಂಡಿನ ಹಳೇ ಬದುಕು ಹುಡುಕಿದ ನನ್ನ ಅನುಭವ

ಹಳೇ ಕಾಲದ ಐರಿಶ್ ಹಳ್ಳಿ ಬದುಕು ಹೇಗಿತ್ತು ಅಂತ ತಿಳಿಯಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಮನೆತನದ ಬೆನ್ನು ಹತ್ತಬೇಡಿ, ಮನೆ ಹಿಡಿದು ಹೋಗಿ. ಇಲ್ಲಿ ಎಲ್ಲರೂ ತಮ್ಮ ಮುತ್ತಜ್ಜನನ್ನು ಹುಡುಕುತ್ತಾರೆ. ಅಮೆರಿಕ, ಆಸ್ಟ್ರೇಲಿಯಾದಿಂದ ಬರುವವರಲ್ಲಿ ಎಷ್ಟೋ ಜನ ಅದಕ್ಕಂತಲೇ ಬರುತ್ತಾರೆ. ನನಗೆ ಇಲ್ಲಿ ಮುತ್ತಜ್ಜ ಇಲ್ಲ. ನಾನು ಕ್ಲೇರ್ ಕೌಂಟಿಗೆ ಕೆಲಸಕ್ಕೆ ಬಂದವಳು. ಹಾಗಾಗಿ ನಾವಿರುವ ಟೌನ್‌ಲ್ಯಾಂಡನ್ನೇ ಇಡಿಯಾಗಿ ತಗೊಂಡೆ. ಅಲ್ಲಿ ಯಾವ ಯಾವ ಮನೆ ಇತ್ತು, ಯಾರಿದ್ದರು, ಏನು ತಿಂದರು, ಒಲೆಗೆ ಏನು ಹಾಕಿದರು, ಎಲ್ಲ. ಊರಿನ ಹೆಸರು ಬರೆಯುವುದಿಲ್ಲ, ಆ ಮನೆಗಳ ಮೊಮ್ಮಕ್ಕಳು ಈಗಲೂ ಅಕ್ಕಪಕ್ಕದಲ್ಲೇ ಇದ್ದಾರೆ.

ಟೌನ್‌ಲ್ಯಾಂಡ್ ಇಲ್ಲಿನ ಜಮೀನಿನ ಅತಿ ಚಿಕ್ಕ ವಿಭಾಗ. ಐರ್ಲೆಂಡ್ ದ್ವೀಪದಲ್ಲಿ ಒಟ್ಟು 60,000ಕ್ಕೂ ಜಾಸ್ತಿ ಇವೆ. ಕೆಲವದರಲ್ಲಿ ಹತ್ತಾರು ಮನೆ, ಕೆಲವದರಲ್ಲಿ ಈಗ ಒಂದೂ ಇಲ್ಲ. ಹಳ್ಳಿ ಕಡೆ ಇವತ್ತಿಗೂ ವಿಳಾಸ ಅಂದರೆ ಟೌನ್‌ಲ್ಯಾಂಡಿನ ಹೆಸರೇ.

ಕೆಲಸ ಶುರು ಮಾಡಿದ ಕೂಡಲೇ ಎದುರಾಗುವ ದೊಡ್ಡ ಅಡ್ಡಿ ಜನಗಣತಿಯದ್ದು. 1821ರಿಂದ 1851ರವರೆಗಿನ ಗಣತಿ ಕಾಗದಗಳಲ್ಲಿ ಹೆಚ್ಚಿನವು 1922ರಲ್ಲಿ ಡಬ್ಲಿನ್‌ನ ಫೋರ್ ಕೋರ್ಟ್ಸ್‌ನಲ್ಲಿದ್ದ ದಾಖಲೆ ಕಚೇರಿಗೆ ಬೆಂಕಿ ಬಿದ್ದಾಗ ಹೋದವು. 1861 ಮತ್ತು 1871ರದ್ದನ್ನು ಸರ್ಕಾರವೇ ಅದಕ್ಕೂ ಮುಂಚೆ ನಾಶ ಮಾಡಿಸಿತ್ತು. 1881, 1891ರವು ಮೊದಲ ಮಹಾಯುದ್ಧದ ಹೊತ್ತಿಗೆ ರದ್ದಿಗೆ ಹೋದವು. ಇಷ್ಟು ಓದಿ ಎಷ್ಟೋ ಜನ ಕೈಬಿಡುತ್ತಾರೆ. ಬಿಡಬೇಡಿ. ಮನೆಯವರ ಹೆಸರುಗಳು ಸುಟ್ಟವೇ ಹೊರತು ಟೌನ್‌ಲ್ಯಾಂಡ್‌ವಾರು ಎಣಿಕೆ ಆಗಲೇ ಅಚ್ಚಾಗಿತ್ತು. 1841ರಲ್ಲಿ ಎಷ್ಟು ಮನೆ, ಎಷ್ಟು ಜನ, 1851ರಲ್ಲಿ ಎಷ್ಟು, ಪಕ್ಕಪಕ್ಕದಲ್ಲೇ ಸಿಗುತ್ತದೆ. ಆ ಎರಡು ವರ್ಷಗಳ ನಡುವೆ ಇರುವುದು ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಬಂದ ಮಹಾ ಕ್ಷಾಮ. ಕ್ಲೇರ್ ಕೌಂಟಿಯ ಜನಸಂಖ್ಯೆ 2,86,000ದಿಂದ 2,12,000ಕ್ಕೆ ಇಳಿಯಿತು. ನಮ್ಮ ಟೌನ್‌ಲ್ಯಾಂಡಿನಲ್ಲಿ ಮನೆಗಳು ಅರ್ಧಕ್ಕರ್ಧ ಇಲ್ಲವಾದವು. 1840ರ ಸುಮಾರಿನ, ಮೈಲಿಗೆ ಆರಿಂಚಿನ ಅಳತೆಯ ಸರ್ವೆ ನಕ್ಷೆಯಲ್ಲಿ ಹೊಳೆ ದಂಡೆಗೆ ಒತ್ತೊತ್ತಾಗಿ ಕಪ್ಪು ಚೌಕಗಳಿವೆ, ಒಂದೊಂದೂ ಒಂದು ಮನೆ. ಮುಂದಿನ ನಕ್ಷೆಯಲ್ಲಿ ಆ ಜಾಗ ಖಾಲಿ ಹುಲ್ಲುಗಾವಲು. ಇದನ್ನು ನೋಡದೆ ಮುಂದಿನದ್ಯಾವುದೂ ಅರ್ಥ ಆಗುವುದಿಲ್ಲ, ಯಾಕೆಂದರೆ 1901ರಲ್ಲಿ ಸಿಗುವ ಊರು ಉಳಿದವರ ಊರು.

ನಾನು ಕೆಲಸ ಶುರು ಮಾಡಿದ್ದು 1911ರ ಗಣತಿಯಿಂದ, ಅಲ್ಲಿಂದ ಹಿಂದಕ್ಕೆ 1901. ಎರಡನ್ನೂ ರಾಷ್ಟ್ರೀಯ ದಾಖಲಾಗಾರ ಉಚಿತವಾಗಿ ಆನ್‌ಲೈನ್ ಇಟ್ಟಿದೆ, ಕೈಬರಹದ ಮೂಲ ಹಾಳೆ ಸಮೇತ. ಎಲ್ಲರೂ ನೋಡುವುದು ಹೆಸರಿರುವ ಫಾರಂ ಎ. ನನಗೆ ಬದುಕು ಕಂಡಿದ್ದು ಮನೆಯ ಫಾರಂನಲ್ಲಿ, ಅಂದರೆ ಬಿ1ರಲ್ಲಿ.

ಒಂದು ಮನೆಯ ಸಾಲನ್ನೇ ತಗೊಳ್ಳಿ. ಗೋಡೆ ಕಲ್ಲಿನದಾದರೆ 1 ಅಂಕ, ಮಣ್ಣಿನದಾದರೆ 0. ಮಾಡಿಗೆ ಸ್ಲೇಟು ಇದ್ದರೆ 1, ಹುಲ್ಲು ಹೊದಿಸಿದ್ದರೆ 0. ಕೋಣೆ ಎರಡರಿಂದ ನಾಲ್ಕು ಇದ್ದರೆ 2. ಆಮೇಲೆ ಮುಂಭಾಗದ ಕಿಟಕಿಗಳು ಎಷ್ಟಿವೆಯೋ ಅಷ್ಟು ಅಂಕ. ಎಲ್ಲ ಕೂಡಿಸಿ 6 ಬಂದರೆ ಎರಡನೇ ದರ್ಜೆ ಮನೆ, 5 ಬಂದರೆ ಮೂರನೇ ದರ್ಜೆ. ನಮ್ಮೂರಲ್ಲಿ ಕಲ್ಲಿನ ಗೋಡೆ, ಹುಲ್ಲಿನ ಮಾಡು, ಮೂರು ಕೋಣೆಯ ಮನೆ ಒಂದಿತ್ತು. 1901ರಲ್ಲಿ ಮುಂದೆ ಎರಡು ಕಿಟಕಿ, ಒಟ್ಟು 5. 1911ರಲ್ಲಿ ಮೂರು ಕಿಟಕಿ, ಒಟ್ಟು 6. ದರ್ಜೆ ಏರಿದ್ದು ಒಂದು ಕಿಟಕಿಯಿಂದ. ಕಾಗದದಲ್ಲಿ ಅದು ಬರೀ ಅಂಕ. ಮನೆಯೊಳಗೆ ಅದು ಬೆಳಕು. ಒಲೆ ಮುಂದೆ ಕೂತು ನೂಲು ತೆಗೆಯುವ, ಬಟ್ಟೆ ಹೊಲಿಯುವ ಹೆಂಗಸಿಗೆ ಆ ಒಂದು ಕಿಟಕಿಯಿಂದ ಏನು ಬದಲಾಗಿರಬಹುದು ಯೋಚಿಸಿ.

ಅದರ ಜೊತೆಗಿರುವ ಬಿ2 ಫಾರಂ ಕೊಟ್ಟಿಗೆಗಳ ಪಟ್ಟಿ. ದನದ ಕೊಟ್ಟಿಗೆ, ಕರುವಿನ ಕೊಟ್ಟಿಗೆ, ಹಂದಿಗೂಡು, ಕೋಳಿಗೂಡು, ಹಾಲು ಬೆಣ್ಣೆ ಇಡುವ ಕೋಣೆ, ಟರ್ಫ್ (ಒಲೆಗೆ ಹಾಕುವ ಒಣಗಿಸಿದ ಜೌಗು ಮಣ್ಣು) ಇಡುವ ಚಪ್ಪರ, ಆಲೂಗಡ್ಡೆ ಇಡುವ ಮನೆ, ಕುಲುಮೆ, ಹೀಗೆ. ಇದನ್ನು ಯಾರೂ ತೆರೆದು ನೋಡುವುದಿಲ್ಲ, ನನಗೆ ಅದೇ ಬೇಜಾರು. ಆ ಮನೆಯ ದಿನಚರಿ ಪೂರ್ತಿ ಇರುವುದು ಅಲ್ಲೇ ಅಲ್ವಾ? ಹಂದಿಗೂಡು ಇದ್ದ ಮನೆಯಲ್ಲಿ ಎಷ್ಟೋ ಸಲ ಬಾಡಿಗೆ ಕಟ್ಟುತ್ತಿದ್ದದ್ದು ಹಂದಿ ಮಾರಿದ ದುಡ್ಡಿನಿಂದ. ಕೋಳಿ, ಮೊಟ್ಟೆ, ಬೆಣ್ಣೆ ಹೆಂಗಸರ ಪಾಲಿನ ಕೆಲಸ, ಅಂಗಡಿ ಸಾಮಾನು ಬರುತ್ತಿದ್ದದ್ದು ಆ ಮೊಟ್ಟೆ ಲೆಕ್ಕದಲ್ಲಿ. ಫಾರಂ ಎ ಹಾಳೆಯಲ್ಲಿ ಅದೇ ಹೆಂಗಸರ ಉದ್ಯೋಗದ ಜಾಗ ಎಷ್ಟೋ ಕಡೆ ಖಾಲಿ ಇದೆ.

ಹೆಂಗಸರ ವಿಷಯದಲ್ಲಿ 1911ರ ಹಾಳೆಗೆ ನಾನು ಋಣಿ. ಅದರಲ್ಲಿ ಮದುವೆಯಾದ ಹೆಂಗಸರಿಗೆ ಹೊಸ ಪ್ರಶ್ನೆ ಸೇರಿಸಿದ್ದರು: ಮದುವೆಯಾಗಿ ಎಷ್ಟು ವರ್ಷ, ಜೀವಂತ ಹುಟ್ಟಿದ ಮಕ್ಕಳೆಷ್ಟು, ಈಗ ಬದುಕಿರುವವರೆಷ್ಟು. ವಿಧವೆಯರು ತುಂಬುವ ಹಾಗಿರಲಿಲ್ಲ. ಆದರೂ ಎಷ್ಟೋ ಮನೆಗಳಲ್ಲಿ ತುಂಬಿದ್ದಾರೆ, ಹಾಳೆ ತಗೊಳ್ಳಲು ಬಂದ ಕಾನ್‌ಸ್ಟೇಬಲ್ ಅದರ ಮೇಲೆ ಗೆರೆ ಎಳೆದಿದ್ದಾನೆ. ಗಣತಿ ಮಾಡುತ್ತಿದ್ದವರು ಪೊಲೀಸರೇ. ಗೆರೆ ತೆಳ್ಳಗಿದೆ, ಕೆಳಗಿನ ಅಂಕೆ ಓದಬಹುದು. ನಮ್ಮೂರಿನ ಒಬ್ಬ ವಿಧವೆಯ ಸಾಲಿನಲ್ಲಿ ಹುಟ್ಟಿದ್ದು ಒಂಬತ್ತು, ಉಳಿದಿದ್ದು ಐದು. ಮನೆಯಲ್ಲಿರುವುದು ಒಬ್ಬ ಮಗ. ಉಳಿದ ನಾಲ್ವರನ್ನು ಹುಡುಕುತ್ತಾ ಹೋದರೆ ದಾರಿ ಹೆಚ್ಚಾಗಿ ಹಡಗಿನ ಕಡೆಗೇ ಹೋಗುತ್ತದೆ. ಹೀಗೆ ಗೆರೆ ಎಳೆದ ಅಂಕೆಗಳನ್ನು ಗಣತಿಯ ಟೈಪ್ ಮಾಡಿದ ಪಟ್ಟಿಯಲ್ಲಿ ಹುಡುಕಬೇಡಿ. ದಯವಿಟ್ಟು ಮೂಲ ಹಾಳೆಯ ಚಿತ್ರವನ್ನೇ ತೆರೆಯಿರಿ.

ವಯಸ್ಸನ್ನು ಮಾತ್ರ ನಂಬಬೇಡಿ. 1901ರಲ್ಲಿ 56 ಅಂದವರು 1911ರಲ್ಲಿ 71 ಅನ್ನುತ್ತಾರೆ. ಕಾರಣ 1909ರ ಜನವರಿಯಲ್ಲಿ ಬಂದ ವೃದ್ಧಾಪ್ಯ ಪಿಂಚಣಿ, 70 ದಾಟಿದವರಿಗೆ ವಾರಕ್ಕೆ ಐದು ಶಿಲ್ಲಿಂಗ್‌ವರೆಗೆ. ಆದರೆ ಎಲ್ಲರ ಜನನ ನೋಂದಣಿ ಶುರುವಾದದ್ದೇ 1864ರಲ್ಲಿ, ಮುದುಕರಲ್ಲಿ ಎಷ್ಟೋ ಜನರಿಗೆ ಯಾವ ಕಾಗದವೂ ಇರಲಿಲ್ಲ. ಕೆಲವರು 1839ರ ಜನವರಿ 6ರ ರಾತ್ರಿ ಬೀಸಿದ ಮಹಾ ಗಾಳಿ ನೆನಪಿದೆ ಅಂತ ಸಾಕ್ಷಿ ಹೇಳಿದರು. ಇನ್ನು ಕೆಲವರ ಅರ್ಜಿಗಾಗಿ 1841, 1851ರ ಗಣತಿ ಹುಡುಕಿಸಿದರು, ಆಗ ಅದಿನ್ನೂ ಸುಟ್ಟಿರಲಿಲ್ಲ. ಆ ಹುಡುಕಾಟದ ಫಾರಂಗಳು ಉಳಿದಿವೆ, ಅವೂ ಆನ್‌ಲೈನ್ ಇವೆ. ಅಪ್ಪ ಅಮ್ಮನ ಹೆಸರು, ಟೌನ್‌ಲ್ಯಾಂಡ್, ಆಗಿನ ವಯಸ್ಸು. ಸುಟ್ಟುಹೋದ ಗಣತಿಯ ಒಂದೊಂದು ಚೂರು ಇಲ್ಲಿ ಸಿಗುತ್ತದೆ, ಅದೂ ಒಬ್ಬ ಬಡ ಮುದುಕಿ ಐದು ಶಿಲ್ಲಿಂಗ್ ಕೇಳಿದ್ದಕ್ಕೆ.

ಇನ್ನು ಕಷ್ಟದ ಭಾಗ. ಯಾವ ಕುಟುಂಬ ಯಾವ ಮನೆಯಲ್ಲಿತ್ತು? ಗಣತಿಯ ಮನೆ ನಂಬರ್ ಬರೀ ಕಾನ್‌ಸ್ಟೇಬಲ್ ಇಟ್ಟ ಕ್ರಮಸಂಖ್ಯೆ. 1901ರ ಮೂರನೇ ಮನೆ 1911ರಲ್ಲಿ ಎಂಟನೆಯದಾಗಿರಬಹುದು. ಜಾಗ ಗೊತ್ತಾಗಬೇಕಾದರೆ ರಿಚರ್ಡ್ ಗ್ರಿಫಿತ್ ಮಾಡಿಸಿದ ಭೂ ಮೌಲ್ಯಮಾಪನ ಬೇಕು. 1847ರಿಂದ 1864ರವರೆಗೆ ಕೌಂಟಿವಾರು ಪ್ರಕಟವಾಯಿತು, ಕ್ಲೇರ್‌ನದು 1855. ಯಾರ ಕೈಯಲ್ಲಿ ಎಷ್ಟು ಎಕರೆ, ಯಾರಿಂದ ಗೇಣಿಗೆ, ಮನೆಯ ಬೆಲೆ ಎಷ್ಟು, ಜಮೀನಿನದ್ದೆಷ್ಟು, ಜೊತೆಗೆ ನಕ್ಷೆಯ ನಂಬರ್. ಒಂದೇ ಹೆಸರಿನವರು ಇಬ್ಬರಿದ್ದರೆ ಪಕ್ಕದಲ್ಲಿ ಅಪ್ಪನ ಹೆಸರೋ ಅಡ್ಡಹೆಸರೋ ಹಾಕಿರುತ್ತಾರೆ. ಆಮೇಲಿನ ಬದಲಾವಣೆಗಳನ್ನು ವ್ಯಾಲ್ಯುಯೇಷನ್ ಕಚೇರಿಯ ಪರಿಷ್ಕರಣೆ ಪುಸ್ತಕಗಳಲ್ಲಿ ಬರೆಯುತ್ತಾ ಹೋದರು. ಅಪ್ಪ ಸತ್ತ, ಮಗನ ಹೆಸರಾಯಿತು; ಮಗ ಹೋದ, ಅಳಿಯ ಬಂದ; ಒಂದೊಂದು ಸುತ್ತಿಗೆ ಒಂದೊಂದು ಬಣ್ಣದ ಶಾಯಿ, ಪಕ್ಕದಲ್ಲಿ ವರ್ಷ. ಡಬ್ಲಿನ್‌ಗೆ ಹೋಗಿ ಅದನ್ನು ನೋಡಿದಾಗ ನನ್ನ ಕೆಲಸ ಒಮ್ಮೆಲೇ ಸಲೀಸಾಯಿತು. 1855ರ ನಕ್ಷೆ ನಂಬರಿಂದ ಹೊರಟು ಬಣ್ಣ ಹಿಡಿದು ಬಂದರೆ 1911ರ ಹೆಸರು ಸಿಗುತ್ತದೆ. ಆಗ ಯಾವ ಅಜ್ಜಿ ಯಾವ ಒಲೆಯ ಮುಂದೆ ಕೂತಿದ್ದಳು ಅಂತ ನಕ್ಷೆಯಲ್ಲಿ ಬೆರಳಿಟ್ಟು ತೋರಿಸಬಹುದು. ಗ್ರಿಫಿತ್‌ಗಿಂತ ಹಿಂದಕ್ಕೆ 1823ರಿಂದ 1837ರವರೆಗಿನ ಚರ್ಚ್ ತೆರಿಗೆ ಪುಸ್ತಕಗಳಿವೆ, ಆದರೆ ಅವುಗಳಲ್ಲಿ ಸಿಗುವುದು ಹೆಚ್ಚಾಗಿ ಜಮೀನಿದ್ದವರು ಮಾತ್ರ. ಕೂಲಿಯವರು ಕಾಣುವುದಿಲ್ಲ.

ಇಷ್ಟಾದರೂ ಅಡುಗೆಮನೆ ಒಳಗೆ ಹೋಗಲು ಆಗಿರಲಿಲ್ಲ. ಅದಕ್ಕೆ ದಾರಿ ತೋರಿದವರು ಮಕ್ಕಳು. 1937ರಿಂದ 1939ರವರೆಗೆ ಐರಿಶ್ ಜಾನಪದ ಆಯೋಗ ಸುಮಾರು 5,000 ಶಾಲೆಗಳ 50,000 ಮಕ್ಕಳಿಗೆ ಒಂದು ಕೆಲಸ ಕೊಟ್ಟಿತು: ಮನೆಯ, ಊರಿನ ಹಿರಿಯರನ್ನು ಕೇಳಿ ಬರೆದುಕೊಂಡು ಬನ್ನಿ. ಹಳೇ ಊಟ, ಬ್ರೆಡ್ಡು, ಬೆಣ್ಣೆ ತೆಗೆಯುವುದು, ಕುಲುಮೆ, ಕ್ಷಾಮ, ಬಾವಿ, ಆಟದ ಸಾಮಾನು, ಎಲ್ಲದಕ್ಕೂ ಶೀರ್ಷಿಕೆ ಇತ್ತು. ಈಗ ಅದು ಆನ್‌ಲೈನ್ ಇದೆ. ಮೇಷ್ಟ್ರು ಆರಿಸಿ ದೊಡ್ಡ ಪುಸ್ತಕಕ್ಕೆ ಬರೆಸಿದ್ದು ಒಂದು, ಮಕ್ಕಳ ಸ್ವಂತ ನೋಟ್‌ಬುಕ್ ಇನ್ನೊಂದು. ಎರಡನ್ನೂ ನೋಡಿ.

ನಮ್ಮ ಸುತ್ತಿನ ಶಾಲೆಗಳ ಮಕ್ಕಳ ಬರಹ ಓದುತ್ತಾ ಓದುತ್ತಾ ಮನೆ ತುಂಬಿಕೊಂಡಿತು. ದೊಡ್ಡ ಕಬ್ಬಿಣದ ಪಾತ್ರೆಯಲ್ಲಿ ಆಲೂಗಡ್ಡೆ ಬೇಯಿಸಿ, ಅಗಲದ ಬುಟ್ಟಿಗೆ ಬಸಿದು, ಆ ಬುಟ್ಟಿಯನ್ನು ಪಾತ್ರೆಯ ಮೇಲೇ ಇಟ್ಟು ಎಲ್ಲರೂ ಸುತ್ತ ಕೂರುವುದು. ನಂಚಿಕೊಳ್ಳಲು ಉಪ್ಪು, ಕುಡಿಯಲು ಮಜ್ಜಿಗೆ. ಮಜ್ಜಿಗೆ ಕಡೆಯುವಾಗ ಯಾರಾದರೂ ಒಳಗೆ ಬಂದರೆ ಅವರೂ ಕಡಗೋಲಿಗೆ ಕೈ ಹಾಕಲೇಬೇಕು, ಇಲ್ಲದಿದ್ದರೆ ಬೆಣ್ಣೆಯ ಅದೃಷ್ಟ ಅವರ ಜೊತೆ ಹೊರಟುಹೋಗುತ್ತದೆ ಅನ್ನುವ ನಂಬಿಕೆ. ಮೇ ಮೊದಲ ದಿನ ಮನೆಯಿಂದ ಕೆಂಡ ಆಗಲಿ ಹಾಲಾಗಲಿ ಹೊರಗೆ ಕೊಡುವ ಹಾಗಿಲ್ಲ. ರಾತ್ರಿ ಕೆಂಡವನ್ನು ಬೂದಿಯಲ್ಲಿ ಮುಚ್ಚಿಟ್ಟು ಬೆಳಗ್ಗೆ ಅದನ್ನೇ ಕೆದಕಿ ಬೆಂಕಿ ಎಬ್ಬಿಸುವುದು. ಒಲೆಗೆ ಟರ್ಫ್. ಜೌಗು ನೆಲದಿಂದ ಇಟ್ಟಿಗೆಯ ಹಾಗೆ ಕತ್ತರಿಸಿ, ಹರಡಿ, ನಾಲ್ಕಾರು ಹೆಂಟೆ ಒಂದಕ್ಕೊಂದು ಆನಿಸಿ ನಿಲ್ಲಿಸಿ, ಗಾಳಿಗೆ ಒಣಗಿಸಿ ಮನೆಗೆ ತರಬೇಕು. ಮಳೆ ಬಿಡದಿದ್ದರೆ ಆ ವರ್ಷ ಚಳಿಗಾಲ ಕಷ್ಟ. ಚಳಿಗಾಲದಲ್ಲಿ ಶಾಲೆಗೆ ಹೋಗುವ ಮಗು ಕಂಕುಳಲ್ಲಿ ಒಂದು ಹೆಂಟೆ ಟರ್ಫ್ ಹಿಡಿದು ಹೋಗಬೇಕು, ಶಾಲೆಯ ಒಲೆಗೆ. ಟರ್ಫ್ ಕತ್ತರಿಸಲು, ಹುಲ್ಲು ಒಣಗಿಸಲು ಅಕ್ಕಪಕ್ಕದವರೆಲ್ಲ ಸೇರುವುದಕ್ಕೆ ಮೆಹಲ್ ಅನ್ನುತ್ತಿದ್ದರು, ನಮ್ಮ ಕಡೆಯ ಮುಯ್ಯಾಳೇ ಅದು. ಇವತ್ತು ನಿಮ್ಮ ಹೊಲ, ನಾಳೆ ನಮ್ಮದು, ದುಡ್ಡಿನ ಮಾತಿಲ್ಲ. ಅದಕ್ಕೇ ಒಂದು ಮನೆಯನ್ನು ಮಾತ್ರ ಓದಿದರೆ ಆ ಮನೆಯೂ ಅರ್ಥ ಆಗುವುದಿಲ್ಲ ಅಂತ ನಾನು ಪದೇ ಪದೇ ಹೇಳುವುದು.

ಆದರೆ ಇದನ್ನೆಲ್ಲ ಬರೀ ಚೆಂದದ ಚಿತ್ರ ಮಾಡಬಾರದು. ಹಳೇ ಆಲೂಗಡ್ಡೆ ಮುಗಿದು ಹೊಸದು ಬರುವವರೆಗಿನ ಬೇಸಿಗೆ ತಿಂಗಳುಗಳು ಹಸಿವಿನವು. ಆಗ ಹಿಟ್ಟನ್ನು ಸಾಲಕ್ಕೆ ತರುತ್ತಿದ್ದರು. ಕ್ಷಾಮಕ್ಕೆ ಮುಂಚೆ ದುಡಿಯುವ ಗಂಡಸು ದಿನಕ್ಕೆ 5 ಕಿಲೋ ಆಲೂಗಡ್ಡೆ ತಿನ್ನುತ್ತಿದ್ದ ಅನ್ನುವುದು ಕೇಳಲು ಸೋಜಿಗ, ಆದರೆ ಅದಕ್ಕೆ ಕಾರಣ ಬೇರೆ ಊಟ ಇರಲಿಲ್ಲ ಅನ್ನುವುದು. 1901, 1911ರ ಹಾಳೆಗಳಲ್ಲಿ ಭಾಷೆಯ ಕಾಲಂ ನೋಡಿ, ಅಜ್ಜ ಅಜ್ಜಿಗೆ ಐರಿಶ್ ಇಂಗ್ಲಿಷ್ ಎರಡೂ, ಮಕ್ಕಳ ಸಾಲು ಖಾಲಿ, ಅಂದರೆ ಬರೀ ಇಂಗ್ಲಿಷ್. ಒಂದೇ ಸೂರಿನ ಕೆಳಗೆ ಒಂದು ಭಾಷೆ ನಿಂತುಹೋದದ್ದು ಅಲ್ಲಿ ಕಾಣುತ್ತದೆ. ಕನ್ನಡ ಮಾತಾಡುವ ಮಕ್ಕಳನ್ನು ಇಲ್ಲಿ ಬೆಳೆಸುತ್ತಿರುವ ನನಗೆ ಆ ಖಾಲಿ ಜಾಗ ಸುಮ್ನೆ ದಾಟಿ ಹೋಗಲು ಆಗಲಿಲ್ಲ.

ಈಗ ಮಾಡುತ್ತಿರುವುದು ಹೊಲಗಳ ಹೆಸರಿನ ಕೆಲಸ. ಪ್ರತಿ ಹೊಲಕ್ಕೂ ಮನೆಯವರು ಕರೆಯುವ ಹೆಸರಿದೆ, ಬಾವಿ ಹೊಲ, ಕಲ್ಲು ಹೊಲ, ಸತ್ತುಹೋದ ಯಾರದೋ ಹೆಸರಿನ ಹೊಲ. ಸರ್ವೆ ನಕ್ಷೆಯಲ್ಲಿ ಇವು ಸಾಮಾನ್ಯವಾಗಿ ಇರುವುದಿಲ್ಲ, 70, 80 ದಾಟಿದವರ ಬಾಯಲ್ಲಿ ಮಾತ್ರ ಇವೆ. ಇಲ್ಲಿ ಹಳ್ಳಿ ಕಡೆ ಇರುವ ಕನ್ನಡದವರು ಯಾರಾದರೂ ನಿಮ್ಮ ಟೌನ್‌ಲ್ಯಾಂಡ್ ಕೈಗೆತ್ತಿಕೊಂಡರೆ ಇದನ್ನು ಕೊನೆಗೆ ಇಟ್ಟುಕೊಳ್ಳಬೇಡಿ, ಗಣತಿ ಹಾಳೆ ಎಲ್ಲಿಗೂ ಓಡಿಹೋಗುವುದಿಲ್ಲ. ಮೈಲಿಗೆ ಇಪ್ಪತ್ತೈದು ಇಂಚಿನ ಹಳೇ ನಕ್ಷೆಯನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಹೋಗಿ. ಪ್ರಶ್ನೆ ಪಟ್ಟಿ ಬೇಡ. ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಅವರ ಮನೆ ಎಲ್ಲಿದೆ ಅಂತ ಮೊದಲು ತೋರಿಸಿ, ಪೆನ್ಸಿಲನ್ನು ಅವರ ಕೈಗೇ ಕೊಡಿ. ಹೆಸರನ್ನು ಅವರು ಹೇಗೆ ಹೇಳುತ್ತಾರೋ ಹಾಗೆಯೇ ಬರೆದುಕೊಳ್ಳಿ, ಒಪ್ಪಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿ, ಒಂದು ಪ್ರತಿ ಅವರ ಮನೆಯವರಿಗೂ ಕೊಡಿ.